ಹುಗ್ಗಿ ಹೊತ್ತಿಗೆ ಓಟ: ಒಂದು ಚಳಿಗಾಲದ ಲೆಕ್ಕ

ಕಡಲೆಕಾಯಿ ಪರಿಷೆ ಮುಗಿದ ವಾರ

ಬುಲ್ ಟೆಂಪಲ್ ರಸ್ತೆಯಲ್ಲಿ ಇನ್ನೂ ಸಿಪ್ಪೆ ಬಿದ್ದಿದೆ. ಕಾಲಿಟ್ಟರೆ ಚರಚರ ಅನ್ನುತ್ತೆ. ಹೊಸ ಲೆಕ್ಕ ಇಲ್ಲಿಂದ ಶುರು. ವಾರಕ್ಕೆ ನಾಲ್ಕು ದಿನ, ಸಲಕ್ಕೆ 5 ಕಿಲೋಮೀಟರ್, ಸಂಕ್ರಾಂತಿವರೆಗೆ.

ಓಡೋಕೆ ಶುರು ಮಾಡಿದ್ದು ಹೋದ ವರ್ಷ ಜೂನ್‌ನಲ್ಲಿ. ಆಗ ಆರು ಗಂಟೆಗೆ ಮುಂಚೆಯೇ ಸೂರ್ಯ ಬಂದಿರುತ್ತಿದ್ದ, ಎದ್ದೇಳೋದು ಕಷ್ಟವೇ ಇರಲಿಲ್ಲ. ಈಗ ಆರು ಗಂಟೆಗೂ ಕತ್ತಲು. ಹೋದ ವರ್ಷ ನಾನು ಕೈಬಿಟ್ಟಿದ್ದೂ ಇದೇ ಹೊತ್ತಲ್ಲಿ. ಶೂ ಮಾರ್ಚ್‌ವರೆಗೆ ಬಾಗಿಲ ಹಿಂದೆ ಧೂಳು ಹಿಡಿದು ಕೂತಿತ್ತು.

ಸಂಜೆ ಓಡಬಹುದಲ್ವಾ ಅಂತ ತಮ್ಮ ಕೇಳಿದ. ನಾನು ಹನುಮಂತನಗರದ ಮನೆ ಸೇರುವಾಗ ಏಳೂವರೆ. ಆ ಹೊತ್ತಲ್ಲಿ ನಮ್ಮ ರಸ್ತೆ ದಾಟೋದೇ ದೊಡ್ಡ ವ್ಯಾಯಾಮ.

ಈ ವಾರ: 2 ಓಟ.

ಡಿಸೆಂಬರ್ ಮೊದಲ ವಾರ

ಒಂದೇ ಒಂದು ಓಟ. ಉಳಿದ ದಿನ ಅಲಾರಂ ಹೊಡೆದಾಗ ಹಾಸಿಗೆಯಲ್ಲೇ ಚೌಕಾಸಿ. ಇನ್ನು ಹತ್ತು ನಿಮಿಷ. ಸ್ವಲ್ಪ ಬೆಳಕಾಗಲಿ. ಇವತ್ತು ಬೇಡ, ನಾಳೆ ಎರಡು ಸುತ್ತು ಜಾಸ್ತಿ ಹೋಗೋಣ. ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುವಾಗಲೂ ನಾನು ಇಷ್ಟು ಚೌಕಾಸಿ ಮಾಡಿದವಳಲ್ಲ.

ಡಿಸೆಂಬರ್ ಎರಡನೇ ವಾರ

ಬಟ್ಟೆ ವಿಷಯ. ಬೆಳಗ್ಗೆ ಮೊಬೈಲು 15 ಡಿಗ್ರಿ ತೋರಿಸುತ್ತೆ. ಉತ್ತರದ ಊರಿನವರು ನಗ್ತಾರೆ, ಗೊತ್ತು. ಆದರೆ ನಮ್ಮ ಮನೆಗಳಲ್ಲಿ ಹೀಟರ್ ಇಲ್ಲ, ಕೆಂಪು ಗಾರೆ ನೆಲ ಬೇರೆ. ಹಾಸಿಗೆಯಿಂದ ಕಾಲು ಕೆಳಗಿಡೋದೇ ಇಡೀ ಓಟದಲ್ಲಿ ಕಷ್ಟದ ಭಾಗ. ಅದಕ್ಕೆ ರಾತ್ರಿಯೇ ಸಾಕ್ಸ್ ಹಾಕಿಕೊಂಡು ಮಲಗೋಕೆ ಶುರು ಮಾಡಿದೆ. ಚಂದದ ಉಪಾಯವೇನಲ್ಲ, ಆದರೆ ಕೆಲಸ ಮಾಡ್ತು.

ಮೊದಲ ದಿನ ದಪ್ಪ ಸ್ವೆಟರ್ ಹಾಕಿಕೊಂಡು ಹೋದೆ. ಒಂದೂವರೆ ಕಿಲೋಮೀಟರಿಗೆ ಬೆವರು, ಆಮೇಲೆ ಆ ಒದ್ದೆ ಸ್ವೆಟರಿಗೆ ಗಾಳಿ ಹೊಡೆದು ಇನ್ನೂ ಚಳಿ. ಈಗ ತೆಳು ಟೀ ಶರ್ಟ್ ಒಂದೇ. ಮೊದಲ ಹತ್ತು ನಿಮಿಷ ನಡುಗಬೇಕು. ನಡುಗದಿದ್ದರೆ ಬಟ್ಟೆ ಜಾಸ್ತಿ ಆಯಿತು ಅಂತ ಅರ್ಥ. ಕಿವಿಗೆ ಮಾತ್ರ ಅಪ್ಪನ ಮಂಕಿ ಕ್ಯಾಪ್. ಇಪ್ಪತ್ತು ವರ್ಷ ಅದನ್ನು ಆಡಿಕೊಂಡು ನಕ್ಕವಳು ನಾನು. ಕೊಡುವಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ಸಾಕಾಗಿತ್ತು.

ನಾಯಿಗಳು. ಬೆಳಕಿನಲ್ಲಿ ಸುಮ್ನೆ ಮಲಗಿರುವ ನಾಯಿ ಕತ್ತಲಲ್ಲಿ ಓಡುವವರನ್ನು ಕಂಡರೆ ಅಟ್ಟಿಸಿಕೊಂಡು ಬರುತ್ತೆ. ಮೂಲೆಯ ಬೂತಿಗೆ ಹಾಲಿನ ಕ್ರೇಟು ಇಳಿಸುವ ಹುಡುಗ ಹೇಳಿಕೊಟ್ಟ: "ಓಡಬೇಡಿ ಅಕ್ಕ, ನಿಂತ್ಬಿಡಿ. ಅದರ ಕಣ್ಣು ನೋಡಬೇಡಿ." ಹಾಗೇ ಮಾಡಿದೆ. ಮೂಸಿ ನೋಡಿ ಹೋಯಿತು. ಈಗ ಆ ತಿರುವು ಬಂದರೆ ನಡೆಯುತ್ತೇನೆ. ನನ್ನ ಸರಾಸರಿ ವೇಗ ಹಾಳಾದರೆ ಹಾಳಾಗಲಿ.

ಈ ವಾರ: 3.

ಧನುರ್ಮಾಸ

ಡಿಸೆಂಬರ್ 16ರಿಂದ ಎಲ್ಲ ಬದಲಾಯಿತು. ಇದರಲ್ಲಿ ನನ್ನ ಗಟ್ಟಿತನ ಏನೂ ಇಲ್ಲ.

ಧನುರ್ಮಾಸದಲ್ಲಿ ಪೂಜೆ ಸೂರ್ಯ ಹುಟ್ಟುವ ಮೊದಲೇ ಆಗಬೇಕು. ನಕ್ಷತ್ರ ಇರುವಾಗಲೇ ಆದರೆ ಇನ್ನೂ ಶ್ರೇಷ್ಠ ಅಂತಾರೆ ಅಮ್ಮ. ನನ್ನ ದಾರಿಯ ಕೊನೆಯಲ್ಲಿ ಒಂದು ಸಣ್ಣ ದೇವಸ್ಥಾನ ಇದೆ. ಅಲ್ಲಿ ಆರು ಗಂಟೆ ಹೊತ್ತಿಗೆ ಮಂಗಳಾರತಿ, ಆಮೇಲೆ ದೊನ್ನೆಯಲ್ಲಿ ಹುಗ್ಗಿ. ಹೆಸರುಬೇಳೆ, ಮೆಣಸು, ಶುಂಠಿ, ಮೇಲೆ ತುಪ್ಪ. ಬಿಸಿ ಅಂದರೆ ದೊನ್ನೆ ಕೈಯಲ್ಲಿ ಹಿಡಿಯೋಕಾಗಲ್ಲ. ಆರೂಕಾಲಿಗೆ ಪಾತ್ರೆ ಖಾಲಿ.

ಐದೂಕಾಲಿಗೆ ಹೊರಟರೆ ಐದು ಕಿಲೋಮೀಟರ್ ಮುಗಿಸಿ ಹುಗ್ಗಿಗೆ ಸರಿಯಾಗಿ ಸೇರಬಹುದು. ತಡವಾದರೆ ಇಲ್ಲ. ಅಲಾರಂ ಜೊತೆ ಮಾಡಿದ ಚೌಕಾಸಿ ಪಾತ್ರೆ ಜೊತೆ ನಡೆಯಲ್ಲ. ಮೆಟ್ಟಿಲ ಪಕ್ಕ ಹೂ ಕಟ್ಟುವ ಅಜ್ಜಿ ನಾಲ್ಕು ಗಂಟೆಗೇ ಬಂದು ಕೂತಿರುತ್ತಾರೆ. ಮೊದಲ ದಿನ ನನ್ನ ಕ್ಯಾಪು, ಬೆವರು ನೋಡಿ, "ಏನಮ್ಮಾ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಅಂದರು.

ಈ ವಾರ: 5. ಶುರು ಮಾಡಿದ ಮೇಲೆ ಇದೇ ಜಾಸ್ತಿ.

ಡಿಸೆಂಬರ್ ಕೊನೆ

ಒಂದು ಮೋಸ ಹೇಳಬೇಕು. ಡಿಸೆಂಬರ್ 21 ದಾಟಿದರೆ ಬೆಳಗು ಬೇಗ ಆಗುತ್ತೆ ಅಂತ ದಿನ ಎಣಿಸುತ್ತಿದ್ದೆ. 21ಕ್ಕೆ ಸೂರ್ಯೋದಯ 6:36ರ ಆಸುಪಾಸು. ವಾರ ಕಳೆಯಿತು, ಸೂರ್ಯ ಇನ್ನೂ ತಡ! ಪಂಚಾಂಗ ನೋಡಿದೆ. ಹಗಲು ಉದ್ದ ಆಗುತ್ತಿರುವುದು ನಿಜ, ಆದರೆ ಸಂಜೆ ಕಡೆಯಿಂದ. ಬೆಂಗಳೂರಲ್ಲಿ ಅತಿ ತಡದ ಸೂರ್ಯೋದಯ ಜನವರಿ ಮೂರನೇ ವಾರದ ಸುಮಾರಿಗೆ, 6:46ರ ಹತ್ತಿರ. ಕಾರಣ ಇಷ್ಟು: ಭೂಮಿಯ ಅಕ್ಷ ಓರೆ, ಜೊತೆಗೆ ಜನವರಿ ಮೊದಲ ವಾರ ಅದು ಸೂರ್ಯನಿಗೆ ಹತ್ತಿರ ಬಂದು ಜೋರಾಗಿ ಸುತ್ತುತ್ತೆ. ಇದರಿಂದ ಈ ದಿನಗಳಲ್ಲಿ ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತು ದಿನಾ ಅರ್ಧ ನಿಮಿಷದಷ್ಟು ತಡವಾಗುತ್ತೆ. ಸಮಭಾಜಕಕ್ಕೆ ಹತ್ತಿರ ಇರುವ ನಮಗೆ ಹಗಲಿನ ಉದ್ದ ಅಷ್ಟೇನೂ ಬದಲಾಗಲ್ಲ. ಹಾಗಾಗಿ ಬೆಳಗ್ಗೆ ಈ ತಡವೇ ಗೆಲ್ಲುತ್ತೆ.

ಓದಿದ ಮೇಲೆ ಬೇಜಾರಾಯಿತು. ಆಮೇಲೆ ಹಣೆಗೆ ಕಟ್ಟುವ ಟಾರ್ಚ್ ತಂದೆ.

ಈ ವಾರ: 4.

ಜನವರಿ ಮೊದಲ ವಾರ

ಸೊನ್ನೆ. ಫುಟ್‌ಪಾತಿನ ಚಪ್ಪಡಿ ಕಲ್ಲೊಂದು ಕಾಲಿಟ್ಟ ಕೂಡಲೇ ವಾಲಿತು. ಎಡಗಾಲಿನ ಹಿಮ್ಮಡಿ ಗಂಟು ಉಳುಕಿತು. ಟಾರ್ಚ್ ಹಣೆ ಮೇಲೇ ಇತ್ತು, ಉರಿಯುತ್ತಲೂ ಇತ್ತು. ಚಪ್ಪಡಿ ನೋಡೋಕೆ ಚೆನ್ನಾಗಿಯೇ ಇತ್ತು, ಅದೇ ತಮಾಷೆ. ನಾಲ್ಕನೇ ದಿನದಿಂದ ಹುಗ್ಗಿಗೆ ಮಾತ್ರ ಕುಂಟುತ್ತಾ ಹೋದೆ. ಓಡದಿದ್ದರೂ ಐದಕ್ಕೇ ಎಚ್ಚರ ಆಗುತ್ತಿತ್ತು. ಅಜ್ಜಿ ಕಾಲು ನೋಡಿ, "ಕಾಲು ಎತ್ತರಕ್ಕೆ ಇಟ್ಕೊಂಡು ಮಲಕ್ಕೋ" ಅಂದರು. ಡಾಕ್ಟರೂ ಅದನ್ನೇ ಅಂದಿದ್ದು, ದುಡ್ಡು ತಗೊಂಡು.

ಇನ್ನು ಫುಟ್‌ಪಾತ್ ಬೇಡ. ರಸ್ತೆಯ ಬಲಬದಿ, ಎದುರಿನ ಗಾಡಿ ಕಾಣುವ ಹಾಗೆ.

ಎರಡನೇ ವಾರ: 3 ಓಟ, ನಿಧಾನಕ್ಕೆ. ಪೂರ್ತಿ 5 ಆಗಿದ್ದು ಒಂದು ಸಲ ಮಾತ್ರ.

ಸಂಕ್ರಾಂತಿ ವಾರ

ಮಾಗಿ ಚಳಿ ಜೋರು. ಒಂದು ಬೆಳಗ್ಗೆ 13 ಡಿಗ್ರಿ. ಈ ಊರಿನ ದಾಖಲೆ 7.8, ಅದೂ 1884ರ ಜನವರಿ 13ಕ್ಕೆ. ಅವತ್ತು ಯಾರಾದರೂ ಓಡಿದ್ದರೆ ಅವರಿಗೊಂದು ನಮಸ್ಕಾರ. ಮಂಜಿನಲ್ಲಿ ಬೀದಿ ದೀಪಗಳು ಮಬ್ಬಾಗಿ ತೇಲುತ್ತಿದ್ದವು, ಮನೆಗಳ ಮುಂದೆ ರಂಗೋಲಿ ಇನ್ನೂ ಒದ್ದೆ. ತುಳಿಯದೆ ಓಡೋದು ಒಂದು ಕಲೆ.

ಈ ವಾರ: 5. ಒಟ್ಟು 32ರಲ್ಲಿ 23.

ಹಬ್ಬದ ಸಂಜೆ ಗವಿಪುರಕ್ಕೆ ಹೋಗಿದ್ದೆವು. ಗವಿಗಂಗಾಧರೇಶ್ವರನ ಲಿಂಗದ ಮೇಲೆ ಬಿಸಿಲು ಬೀಳುವುದು ನೋಡೋಕೆ. ಜನದ ಮಧ್ಯೆ ನನಗೆ ಕಂಡಿದ್ದು ಮುಂದಿನವರ ಬೆನ್ನು ಮಾತ್ರ. ಬಿಸಿಲು ಬಿತ್ತು ಅಂತ ಅಮ್ಮ ಹೇಳಿದರು.

ಸಂಕ್ರಾಂತಿಯ ಮಾರನೇ ದಿನ

ಐದೂಕಾಲಿಗೆ ಹೊರಟೆ. ಮಂಕಿ ಕ್ಯಾಪ್, ಟಾರ್ಚ್, ನಾಯಿ ತಿರುವಿನಲ್ಲಿ ನಡಿಗೆ, ಎಲ್ಲ ಎಂದಿನಂತೆ. ಆರು ಗಂಟೆಗೆ ದೇವಸ್ಥಾನ ತಲುಪಿದರೆ ಬಾಗಿಲು ಹಾಕಿದೆ. ಧನುರ್ಮಾಸ ಮುಗಿದಿದ್ದು ನೆನಪೇ ಇರಲಿಲ್ಲ. ಮೆಟ್ಟಿಲ ಮೇಲೆ ಅಜ್ಜಿ ಒಬ್ಬರೇ.

"ಇವತ್ತಿಂದ ಏಳಕ್ಕೆ ತೆಗೆಯೋದು ಕಣಮ್ಮ. ಹುಗ್ಗೀನೂ ಇಲ್ಲ."

ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅಜ್ಜಿ ನೆನ್ನೆಯ ಪೊಟ್ಟಣದಿಂದ ಒಂದು ಚಿಟಿಕೆ ಎಳ್ಳುಬೆಲ್ಲ ಕೈಗೆ ಹಾಕಿದರು. ಅದನ್ನು ಅಗಿಯುತ್ತಾ ಕೃಷ್ಣರಾವ್ ಪಾರ್ಕಿನ ಕಡೆ ತಿರುಗಿದೆ. ಮನೆ ಮುಟ್ಟಿದಾಗ ವಾಚು ತೋರಿಸಿದ್ದು 6.8 ಕಿಲೋಮೀಟರ್. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ.