ಚರಂಡಿ ನೋಡಲು ಕಚ್ಛ್‌ವರೆಗೆ

ಅಹಮದಾಬಾದಿನಿಂದ ಲೋಥಲ್‌ಗೆ ಸುಮಾರು 80 ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದೆವು, ನಾನು ಮತ್ತು ನನ್ನ ಹೆಂಡತಿ. ದಾರಿಯುದ್ದಕ್ಕೂ ಹತ್ತಿ, ಜೀರಿಗೆ, ಆಮೇಲೆ ಬರೀ ಬಯಲು. ಜನವರಿಯ ಚಳಿ ಇನ್ನೂ ಇತ್ತು. ಗುಜರಾತಿಗೆ ಹೋಗುತ್ತೇವೆ ಅಂದಾಗ ಎಲ್ಲರೂ ಸೋಮನಾಥ, ದ್ವಾರಕೆ, ಗಿರ್ ಸಿಂಹ ಅಂತ ಪಟ್ಟಿ ಕೊಟ್ಟರು. ನನಗೆ ಮಾತ್ರ ಈ ಎರಡು ಹಾಳೂರುಗಳನ್ನು ನೋಡಬೇಕಿತ್ತು, ಲೋಥಲ್ ಮತ್ತು ಧೋಲಾವೀರಾ. ಶಾಲೆಯಲ್ಲಿ 'ಸಿಂಧೂ ಕಣಿವೆಯ ನಾಗರಿಕತೆ' ಅಂತ ಬಾಯಿಪಾಠ ಮಾಡಿದ್ದೆವಲ್ಲ, ಆ ಪಾಠದ ಕೊನೆಯಲ್ಲಿ 'ಉತ್ತಮ ಒಳಚರಂಡಿ ವ್ಯವಸ್ಥೆ ಇತ್ತು' ಎಂಬ ಒಂದು ಸಾಲು. ಎರಡು ಅಂಕದ ಪ್ರಶ್ನೆ. ಆ ಸಾಲು ನನ್ನ ತಲೆಯಿಂದ ಯಾಕೋ ಹೋಗಿರಲೇ ಇಲ್ಲ.

ಲೋಥಲನ್ನು ಗುರುತಿಸಿ ಅಗೆಸಿದವರು ನಮ್ಮ ಮಲೆನಾಡಿನವರು. ಶಿಕಾರಿಪುರ ರಂಗನಾಥ ರಾವ್, ಎಲ್ಲರೂ ಎಸ್. ಆರ್. ರಾವ್ ಅನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯ ಆನಂದಪುರದ ಕಡೆಯವರು. ದೇಶ ಇಬ್ಭಾಗವಾದಾಗ ಆ ನಾಗರಿಕತೆಯ ದೊಡ್ಡ ಊರುಗಳಾದ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಹೋದವು. ಈ ಕಡೆ ಅಂಥ ಊರುಗಳು ಇವೆಯೇ ಎಂದು ಹುಡುಕಾಟ ಶುರುವಾಯಿತು. 1954ರಲ್ಲಿ ಅವರಿಗೆ ಈ ದಿಬ್ಬ ಸಿಕ್ಕಿತು. ಮುಂದೆ ಕೆಲವು ವರ್ಷ ಅಗೆದರು. ಮಳೆ ಬಿಟ್ಟೂಬಿಡದೆ ಸುರಿಯುವ ಊರಿನ ಹುಡುಗ ಈ ಉಪ್ಪು ಬಯಲಿನಲ್ಲಿ ನಿಂತು ಮಣ್ಣು ಕೆದಕಿದ್ದನ್ನು ನೆನೆದು ನನಗೆ ತುಂಬ ಹೆಮ್ಮೆಯಾಯಿತು.

ಎಲ್ಲರೂ ಮೊದಲು ಹೋಗುವುದು ಹಡಗುಕಟ್ಟೆಗೆ. ಇಟ್ಟಿಗೆ ಕಟ್ಟಿದ ಉದ್ದನೆಯ ದೊಡ್ಡ ಹೊಂಡ ಅದು. ಹಡಗು ನಿಲ್ಲುವ ಕಟ್ಟೆ ಅಂತ ರಾವ್ ಹೇಳಿದರು, ಅಲ್ಲ ಬರೀ ಕೆರೆ ಅಂತ ವಾದ ಮಾಡುವವರೂ ಇದ್ದಾರೆ. ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ದಿಬ್ಬದ ಮೇಲೆ ಸಾಲಾಗಿ ಬಚ್ಚಲುಮನೆಗಳಿವೆ. ಒಂದೊಂದರ ನೆಲಕ್ಕೂ ಇಟ್ಟಿಗೆ ಹಾಸಿದ್ದಾರೆ, ನೀರು ಹರಿಯಲೆಂದು ನೆಲವನ್ನು ತುಸು ಓರೆ ಮಾಡಿದ್ದಾರೆ. ಎಲ್ಲದರ ನೀರೂ ಸೇರಿ ಹೋಗುವ ಚರಂಡಿ ಬೇರೆ. ಅದರ ಪಕ್ಕ ಕೂತು ಇಟ್ಟಿಗೆಯನ್ನು ಕೈಗೇಣಿನಲ್ಲಿ ಅಳೆದೆ. ಹರಪ್ಪದ ಜನರ ಇಟ್ಟಿಗೆಗೆ ಒಂದೇ ಲೆಕ್ಕ: ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ಪಂಜಾಬಿನಿಂದ ಗುಜರಾತಿನವರೆಗೆ ಇದೇ ಲೆಕ್ಕ. ತೂಕದ ಕಲ್ಲುಗಳೂ ಹಾಗೆಯೇ. ಅಂದರೆ ಮುಖವನ್ನೇ ನೋಡದ, ಸಾವಿರ ಕಿಲೋಮೀಟರ್ ಆಚೆ ಇರುವ ಒಬ್ಬ ವ್ಯಾಪಾರಿಯ ತಕ್ಕಡಿಯನ್ನು ಇಲ್ಲಿನವನು ನಂಬಬಹುದಿತ್ತು. ನನಗೆ ಇದು ಹಡಗುಕಟ್ಟೆಗಿಂತ ದೊಡ್ಡದು ಅನ್ನಿಸಿತು.

ಆಮೇಲೆ ಕಚ್ಛ್‌ನ ಭುಜ್‌ನಲ್ಲಿ ಎರಡು ರಾತ್ರಿ. 2001ರ ಜನವರಿ 26ರ ಭೂಕಂಪ ಆ ಊರನ್ನು ಕೆಡವಿತ್ತು, ಈಗ ನೋಡಿದರೆ ರಸ್ತೆಗಳೆಲ್ಲ ಅಗಲ, ಕಟ್ಟಡಗಳೆಲ್ಲ ಹೊಸವು. ಅದರ ಬಗ್ಗೆ ಬೇರೆಯದೇ ಬರೆಯಬೇಕು.

ಭುಜ್‌ನಿಂದ ಖಾವ್ಡಾ ದಾಟಿ ಧೋಲಾವೀರಾಕ್ಕೆ ಹೋಗುವ ಹೊಸ ರಸ್ತೆ ಬಿಳಿ ರಣ್ ಅನ್ನು ಸೀಳಿಕೊಂಡು ಹೋಗುತ್ತದೆ. ಎಡಕ್ಕೂ ಉಪ್ಪು, ಬಲಕ್ಕೂ ಉಪ್ಪು. ಅಲ್ಲಲ್ಲಿ ಇನ್ನೂ ನೀರು ನಿಂತಿತ್ತು. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ರಣ್ ಮುಗಿದರೆ ಖದೀರ್ ಎಂಬ ದ್ವೀಪ. ಅದರ ಒಂದು ಮೂಲೆಯಲ್ಲಿ ಧೋಲಾವೀರಾ ಹಳ್ಳಿ, ಪಕ್ಕದಲ್ಲೇ ಹಳೆಯ ನಗರ. 1960ರ ದಶಕದ ಕೊನೆಯಲ್ಲಿ ಜಗತ್‌ಪತಿ ಜೋಶಿ ಇದನ್ನು ಗುರುತಿಸಿದರು. 1990ರಿಂದ ಆರ್. ಎಸ್. ಬಿಷ್ಟ್ ಅಗೆಸಿದರು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮಗೆ ಸಿಕ್ಕ ಗೈಡ್ ಅದೇ ಹಳ್ಳಿಯವರು. ಅಗೆತ ನಡೆಯುವಾಗ ಹುಡುಗನಾಗಿ ಬುಟ್ಟಿಯಲ್ಲಿ ಮಣ್ಣು ಹೊತ್ತವರು. ಅವರ ಹಿಂದಿ, ನನ್ನ ಹಿಂದಿ ಎರಡೂ ಸೇರಿ ಹೇಗೋ ಮಾತು ನಡೆಯಿತು. ಮೊದಲು ಪೂರ್ವದ ಕೆರೆಗೆ ಕರೆದುಕೊಂಡು ಹೋದರು. ಕಲ್ಲು ಕಟ್ಟಿದ ಕೆರೆ, ಸುಮಾರು 73 ಮೀಟರ್ ಉದ್ದ, 29 ಮೀಟರ್ ಅಗಲ, ಹತ್ತು ಮೀಟರ್ ಆಳ. ಮೂಲೆಯಿಂದ ಮೆಟ್ಟಿಲು ಇಳಿಯುತ್ತದೆ. ಹಂಪಿಯ ಪುಷ್ಕರಣಿ ನೋಡಿ ಬೆಳೆದ ನಮಗೇ ಬಾಯಿ ಕಟ್ಟಿತು. ನದಿ ಇಲ್ಲ, ಮಳೆ ಇಲ್ಲವೆನ್ನುವಷ್ಟು ಕಡಿಮೆ. ನಗರದ ಎರಡು ಬದಿಗೆ ಮನ್ಸರ್, ಮನ್ಹರ್ ಎಂಬ ಎರಡು ಹಳ್ಳ, ಮಳೆಗಾಲದಲ್ಲಿ ಮಾತ್ರ ಹರಿಯುವಂಥವು. ಅವುಗಳಿಗೆ ಒಡ್ಡು ಕಟ್ಟಿ ನೀರನ್ನು ತಿರುಗಿಸಿ ಒಂದು ಕೆರೆ ತುಂಬಿಸಿ, ಅದರಿಂದ ಮುಂದಿನದು, ಅದರಿಂದ ಇನ್ನೊಂದು, ಹೀಗೆ ಊರ ಸುತ್ತ ಕೆರೆಗಳ ಸಾಲು ಮಾಡಿಕೊಂಡು ಆ ಜನ ಸಾವಿರಕ್ಕೂ ಹೆಚ್ಚು ವರ್ಷ ಇಲ್ಲಿ ಬದುಕಿದರು.

ಕೋಟೆಯ ಮೇಲೆ ಒಂದು ಬಾವಿ ಇದೆ. ಅದರ ಬಾಯಿಯ ಕಲ್ಲಿನಲ್ಲಿ ಹಗ್ಗ ಉಜ್ಜಿದ ಗೀರುಗಳು. ಬೆರಳು ಇಟ್ಟರೆ ಬೆರಳೇ ಒಳಗೆ ಕೂರುತ್ತದೆ. ಎಷ್ಟು ಕೈಗಳು ಎಷ್ಟು ದಿನ ಎಳೆದವೋ. ನನ್ನ ಹೆಂಡತಿ ಅಲ್ಲಿಂದ ಏಳಲೇ ಇಲ್ಲ. ಅವಳ ತವರಿನ ಬಾವಿಯ ಕಲ್ಲೂ ಹೀಗೆಯೇ ಸವೆದಿತ್ತಂತೆ.

ಅಲ್ಲಿಂದ ಗೈಡ್ ಒಂದು ಚರಂಡಿ ತೋರಿಸಿದರು. ಮೇಲೆ ದೊಡ್ಡ ದೊಡ್ಡ ಚಪ್ಪಡಿ ಮುಚ್ಚಿದ್ದಾರೆ, ಒಳಗೆ ಮನುಷ್ಯ ನಡೆಯುವಷ್ಟು ಎತ್ತರ. ನನಗೆ ತಟ್ಟನೆ ಬಂದ ಪ್ರಶ್ನೆ ಒಂದೇ. ಇದರೊಳಗೆ ಇಳಿದು ಯಾರು ಶುಚಿ ಮಾಡುತ್ತಿದ್ದರು?

ಅವರು ನಕ್ಕರು. ಇದು ಕೊಳಚೆಯದ್ದಲ್ಲ ಸಾಹೇಬ್, ಕೋಟೆಯ ಮೇಲೆ ಬಿದ್ದ ಮಳೆನೀರಿನದು, ಒಂದು ಹನಿಯೂ ಹಾಳಾಗಬಾರದು ಅಂತ ಹಿಡಿದಿದ್ದು ಅಂದರು. ಹಾಗಾದರೆ ಕೊಳಚೆ? ಮನೆಯ ಬಚ್ಚಲ ನೀರು ಬೀದಿಯಲ್ಲಿ ಹೂತಿಟ್ಟ ಮಣ್ಣಿನ ಗಡಿಗೆಗೆ ಬೀಳುತ್ತಿತ್ತು ಎಂದು ಕೆಳಗಿನ ಊರಿನ ಕಡೆ ಕೈ ತೋರಿಸಿದರು. ಗಡಿಗೆ ತುಂಬಿದ ಮೇಲೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಯಾರೋ ತೆಗೆಯಲೇಬೇಕಲ್ವಾ' ಅಂದರು.

ಯಾರು? ಪುಸ್ತಕದಲ್ಲಿ ಇಲ್ಲ, ಬೋರ್ಡಿನಲ್ಲೂ ಇಲ್ಲ. ಧೋಲಾವೀರಾದಲ್ಲಿ ಕೋಟೆ ಇದೆ, ಅದರ ಪಕ್ಕ ದೊಡ್ಡವರ ಆವರಣ, ಮಧ್ಯದ ಊರು, ಕೆಳಗಿನ ಊರು. ಒಂದೊಂದಕ್ಕೂ ಒಂದೊಂದು ಜಾಗ. ಎಲ್ಲರೂ ಸಮ ಅಂತ ಹೇಳಲು ಬರುವುದಿಲ್ಲ. ಆದರೂ ಕೆಳಗಿನ ಊರಿನ ಮನೆಗೂ ಬಚ್ಚಲಿತ್ತು, ಅದರ ನೀರಿಗೂ ಒಂದು ಗಡಿಗೆ ಇತ್ತು. ಗಡಿಗೆ ಎತ್ತಿದವನು ಮನೆಗೆ ಹೋದ ಮೇಲೆ ಅವನಿಗೂ ಒಂದು ಬಚ್ಚಲು ಇತ್ತೇ, ನೀರು ತರಲು ಅದೇ ಕೆರೆಯ ಮೆಟ್ಟಿಲು ಇಳಿಯಬಹುದಿತ್ತೇ? ನನಗೆ ನಾಗರಿಕತೆ ಅಂದರೆ ಈ ಎರಡು ಪ್ರಶ್ನೆ. ಕೆರೆಯ ಉದ್ದಗಲ ಆಮೇಲೆ.

ಈ ಪ್ರಶ್ನೆ ನನಗೆ ಸುಮ್ನೆ ಬಂದದ್ದಲ್ಲ. ನಮ್ಮ ಅಜ್ಜಿಯ ಮನೆ ಮಲ್ಲೇಶ್ವರದಲ್ಲಿತ್ತು. 1898ರ ಪ್ಲೇಗಿನ ಕಾಲದಲ್ಲಿ ಬೆಂಗಳೂರಿನವರು ಕಿಕ್ಕಿರಿದ ಪೇಟೆ ಬಿಟ್ಟು ಗಾಳಿ ಬೆಳಕಿಗೆಂದು ಹೋದ ಬಡಾವಣೆಗಳು ಮಲ್ಲೇಶ್ವರ, ಬಸವನಗುಡಿ. ನೇರ ರಸ್ತೆ, ಮರ, ಅಂಗಳ. ಮನೆಗಳ ಹಿಂದೆ ಒಂದು ಸಣ್ಣ ಓಣಿ, ಕನ್ಸರ್ವೆನ್ಸಿ ಲೇನ್. ಮುಂದಿನ ರಸ್ತೆಯಲ್ಲಿ ನಾವು ಓಡಾಡುತ್ತಿದ್ದೆವು. ಹಿಂದಿನ ಓಣಿಯಲ್ಲಿ ಬೆಳಿಗ್ಗೆ ಬೇಗ ಒಬ್ಬ ಹೆಂಗಸು ಬರುತ್ತಿದ್ದಳು. ಕಕ್ಕಸಿನ ಗೋಡೆಯ ಬುಡದಲ್ಲಿ ಒಂದು ಪುಟ್ಟ ತಗಡಿನ ಬಾಗಿಲು, ಅದನ್ನು ತೆಗೆದು ಬಕೆಟ್ ಎಳೆದುಕೊಳ್ಳುತ್ತಿದ್ದಳು. ನಾನು ಐದಾರು ವರ್ಷದವನು. ಆ ಕಡೆ ಹೋಗಬೇಡ ಅಂತ ಗದರುತ್ತಿದ್ದರು. ಬೇಸಿಗೆಯಲ್ಲಿ ಅವಳು ನೀರು ಕೇಳಿದರೆ ಅಜ್ಜಿ ಹಿತ್ತಲ ಗೋಡೆಯ ಮೇಲಿಂದ ಚೊಂಬು ಬಗ್ಗಿಸುತ್ತಿದ್ದರು, ಅವಳು ಬೊಗಸೆ ಒಡ್ಡಿ ಕುಡಿಯುತ್ತಿದ್ದಳು. ನೀರು ಮೊಣಕೈವರೆಗೆ ಇಳಿದು ಸೀರೆ ಒದ್ದೆಯಾಗುತ್ತಿತ್ತು. ಅಜ್ಜಿ ಒಳ್ಳೆಯವರು. ನಮ್ಮೆಲ್ಲರನ್ನೂ ಸಾಕಿದವರು. ಅದೇ ಕೈ ಆ ಚೊಂಬನ್ನು ಅಷ್ಟು ಎತ್ತರದಲ್ಲಿ ಹಿಡಿದಿತ್ತು.

70ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಲ್ಲಿಸಿದರು. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಈ ಎರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಮಲ ಬಳಿಯುವ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದವರು ತಮ್ಮ ಮನೆಗಳು ಹೋಗುತ್ತವೆಂದು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಫೋಟೊ ಪೇಪರಿನಲ್ಲಿ ನೋಡಿದ ದಿನ ನನಗೆ ಊಟ ಸೇರಿರಲಿಲ್ಲ. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಇಂದಿಗೂ ಬರುತ್ತದೆ. ನಮ್ಮ ಭಾಷೆಯಲ್ಲಿ ನಾಗರಿಕ ಅಂದರೂ ಪೌರ ಅಂದರೂ ಊರಿನವನು ಅಂತಲೇ ಅರ್ಥ. ಪೌರಕಾರ್ಮಿಕರು ಅಂತ ಕರೆದೂ ಆ ಊರಿನೊಳಗೆ ಅವರಿಗೆ ಜಾಗ ಕೊಡಲು ನಾವು ಇಷ್ಟು ಹಿಂದೆಮುಂದೆ ನೋಡುತ್ತೇವೆ.

ಮಧ್ಯಾಹ್ನ ಬಿಸಿಲು ಏರಿತು. ಗೈಡ್ ತಮ್ಮ ಮನೆಗೆ ಕರೆದರು. ಅವರ ಹೆಂಡತಿ ಸಜ್ಜೆ ರೊಟ್ಟಿ, ಬೆಲ್ಲ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ ಕೊಟ್ಟರು. ನಾವು ಯಾರು, ಯಾವ ಜನ ಅಂತ ಒಂದು ಮಾತೂ ಕೇಳಲಿಲ್ಲ. ಮಜ್ಜಿಗೆಯ ಲೋಟ ನನ್ನಿಂದ ತೆಗೆದುಕೊಂಡು, ತೊಳೆದು, ಅದರಲ್ಲೇ ಗಂಡನಿಗೆ ಕೊಟ್ಟರು. ಇಷ್ಟು ಸಣ್ಣದನ್ನು ನಾನು ಯಾಕೆ ಗಮನಿಸಿದೆ ಅಂತ ಈಗ ನಿಮಗೆ ಗೊತ್ತಾಗಿರಬೇಕು.

ರಾತ್ರಿ ಅಲ್ಲೇ ಉಳಿದೆವು. ಸಿಗ್ನಲ್ ಹುಡುಕಿಕೊಂಡು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಹಿಂದಿನ ಓಣಿಗೆ ಬರುತ್ತಿದ್ದ ಆ ಹೆಂಗಸಿನ ಹೆಸರೇನಮ್ಮ ಅಂತ ಕೇಳಿದೆ. ಅಮ್ಮ ತುಂಬ ಹೊತ್ತು ಯೋಚಿಸಿದರು. ಅವಳ ಮೂಗುತಿ ನೆನಪಿತ್ತು, ದೀಪಾವಳಿಗೆ ಅಜ್ಜಿ ಹಳೆ ಸೀರೆ ಕೊಟ್ಟಿದ್ದೂ ನೆನಪಿತ್ತು. 'ತೋಟಿ ಬಂದಳು ಅಂತಲೇ ಹೇಳ್ತಿದ್ವಿ ಕಣೋ. ಹೆಸರು ನಾವು ಕೇಳೇ ಇಲ್ಲ' ಅಂದರು. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಫೋನ್ ಇಡಲೂ ಇಲ್ಲ.

ಮರುದಿನ ಬೆಳಿಗ್ಗೆ ಹೊರಡುವ ಮೊದಲು ಮತ್ತೊಮ್ಮೆ ಉತ್ತರದ ಬಾಗಿಲಿಗೆ ಹೋದೆವು. ಅಲ್ಲೊಂದು ಕೋಣೆಯಲ್ಲಿ ಹತ್ತು ದೊಡ್ಡ ಅಕ್ಷರಗಳ ಬೋರ್ಡ್ ಸಿಕ್ಕಿತ್ತು. ಬಿಳಿ ಜಿಪ್ಸಮ್ ತುಂಡುಗಳನ್ನು ಮರದ ಹಲಗೆಗೆ ಕೂರಿಸಿ ಬರೆದದ್ದು, ಹಲಗೆ ಕೊಳೆತು ಅಕ್ಷರ ಮಾತ್ರ ಉಳಿದಿವೆ. ಇದನ್ನು ಇದುವರೆಗೆ ಯಾರಿಗೂ ಓದಲು ಆಗಿಲ್ಲ. ಗೈಡ್ ಕುಕ್ಕರಗಾಲಲ್ಲಿ ಕೂತು ಹತ್ತನ್ನೂ ಮರಳಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಚಕ್ರದಂಥ ಗುರುತು ನಾಲ್ಕು ಸಲ ಬಂತು. ಒಂದೊಂದು ಸಲವೂ ಅದರ ಅರೆಗಳನ್ನು ಎಣಿಸಿ ಎಳೆದರು.

ಊರಿನ ಹೆಸರಿರಬಹುದು ಅಂದರು. ಅವರ ಪೂರ್ತಿ ಹೆಸರನ್ನು ನಾನು ಆಗ ಕೇಳಿ ಬರೆದುಕೊಂಡೆ, ಅವರ ಹೆಂಡತಿಯ ಹೆಸರನ್ನೂ.