ಅಟೆಂಡೆನ್ಸ್ ಫುಲ್, ಕ್ರೆಡಿಟ್ ಸೊನ್ನೆ

ನಮ್ಮ ಕಾಲೇಜಲ್ಲಿ ಇಂಟರ್‌ನ್ಯಾಷನಲ್ ಆಫೀಸ್ ಅಂದ್ರೆ ನಾನು, ಒಂದು ಟೇಬಲ್ಲು, ಮೂಡ್ ಬಂದಾಗ ಮಾತ್ರ ಕೆಲಸ ಮಾಡೋ ಪ್ರಿಂಟರ್, ಅಷ್ಟೇ. ವರ್ಷಕ್ಕೆ ನಾಲ್ಕೈದು ಜನ ಇಂಜಿನಿಯರಿಂಗ್ ಹುಡುಗ್ರನ್ನ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಜರ್ಮನಿಗೆ ಕಳಿಸ್ತೀನಿ. ಫೀಸ್ ಇಲ್ಲೇ ಕಟ್ಟೋದು, ಅಲ್ಲಿ ಟ್ಯೂಷನ್ ಫೀಸ್ ಇಲ್ಲ, ಆದ್ರೆ ವೀಸಾಗೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ತಿಂಗಳಿಗೆ ಇಷ್ಟೇ ಅಂತ ತೆಗೆಯೋಕಾಗೋ ಅಕೌಂಟಲ್ಲಿ, ದುಡ್ಡು ತೋರಿಸ್ಬೇಕು ಅಂದ ತಕ್ಷಣ ಅರ್ಧ ಜನ "ಮನೇಲಿ ಕೇಳ್ತೀನಿ ಸರ್" ಅಂತ ಹೋದೋರು ವಾಪಸ್ ಬರಲ್ಲ.

ಎಲ್ಲರೂ ವೀಸಾ ಬಗ್ಗೆನೇ ಟೆನ್ಷನ್ ಮಾಡ್ಕೋತಾರೆ. ನಂಗೆ ಭಯ ಇರೋದು ವಾಪಸ್ ಬರೋದ್ರ ಬಗ್ಗೆ. ಅವ್ರ ವಿಂಟರ್ ಸೆಮಿಸ್ಟರ್ ಅಕ್ಟೋಬರ್‌ಗೆ ಶುರು, ಕ್ಲಾಸ್ ಫೆಬ್ರವರಿವರೆಗೆ, ಪರೀಕ್ಷೆ ಕೆಲವು ಮಾರ್ಚಿಗೂ ಬೀಳತ್ತೆ, ಅಷ್ಟೊತ್ತಿಗೆ ಇಲ್ಲಿ ಮುಂದಿನ ಸೆಮ್ ಶುರುವಾಗಿ ಫಸ್ಟ್ ಇಂಟರ್ನಲ್ ಟೆಸ್ಟ್ ಹತ್ರ ಬಂದಿರತ್ತೆ. ಇನ್ನು ಅಲ್ಲಿ ಸೆಮಿಸ್ಟರಿಗೆ 30 ಕ್ರೆಡಿಟ್ (ಸಬ್ಜೆಕ್ಟ್ ಪಾಸಾದ್ರೆ ಸಿಗೋ ಪಾಯಿಂಟ್), ಒಂದು ಕ್ರೆಡಿಟ್ ಅಂದ್ರೆ ಮನೇಲಿ ಓದೋದೂ ಸೇರಿ 25ರಿಂದ 30 ಗಂಟೆ ಕೆಲಸ, ನಮ್ಮಲ್ಲಿ ವಾರಕ್ಕೆ ಎಷ್ಟು ಗಂಟೆ ಕ್ಲಾಸ್ ಅನ್ನೋ ಲೆಕ್ಕ. ಅಲ್ಲಿ ಪಾಸಾಗಿದ್ದು ಇಲ್ಲಿ ಲೆಕ್ಕಕ್ಕೆ ಬರ್ಲಿ ಅಂತ ಇವೆರಡನ್ನ ಹೊಂದಿಸೋಕೆ ಎಚ್ಒಡಿ (ಡಿಪಾರ್ಟ್‌ಮೆಂಟ್ ಹೆಡ್) ರೂಮಿಗೆ ನಾನು ಅಲೆದಿರೋದು ದೇವ್ರಿಗೇ ಗೊತ್ತು. ಗ್ರೇಡ್ ಇನ್ನೊಂದು ತಮಾಷೆ. ಅಲ್ಲಿ 1.0 ಅಂದ್ರೆ ಟಾಪ್, 4.0 ಜಸ್ಟ್ ಪಾಸ್. ಒಬ್ಬ ಹುಡುಗನ ಅಪ್ಪ ಮಾರ್ಕ್ಸ್ ಕಾರ್ಡಲ್ಲಿ 1.3 ನೋಡಿ ನಂಗೆ ಫೋನ್ ಮಾಡಿ, "ಏನ್ ಸರ್, ಅಷ್ಟ್ ದುಡ್ ಸುರ್ದಿದ್ದು ಇದಕ್ಕಾ" ಅಂದಿದ್ರು.

ಆದ್ರೆ ನಾನು ಮರೆಯೋಕಾಗದೇ ಇರೋದು ಬೇರೆ. ಮೂರು ವರ್ಷದ ಹಿಂದೆ ಹೋದ ಒಬ್ಬ ಹುಡುಗ, ಒಂದು ಕ್ಲಾಸೂ ತಪ್ಪಿಸದೋನು, ಪರೀಕ್ಷೆ ದಿನ ಹೋದ್ರೆ ಲಿಸ್ಟಲ್ಲಿ ಹೆಸರೇ ಇಲ್ಲ. ಅಲ್ಲಿ ಕ್ಲಾಸಿಗೆ ಸೇರೋದೇ ಬೇರೆ, ಪರೀಕ್ಷೆಗೆ ರಿಜಿಸ್ಟರ್ ಆಗೋದೇ ಬೇರೆ, ಪೋರ್ಟಲಲ್ಲಿ ನಾವೇ ಮಾಡ್ಬೇಕು, ಡೇಟ್ ಮುಗಿದ್ರೆ ಮುಗೀತು. ಇಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಇಲ್ಲ ಅಂದ್ರೆ ಹಾಲ್ ಟಿಕೆಟ್ ತಾನಾಗೇ ಬರತ್ತೆ ಅಂತ ಬೆಳೆದ ಹುಡುಗನಿಗೆ ಅದು ಹೊಳೆಯೋದಾದ್ರೂ ಹೇಗೆ. ಎರಡು ಸಬ್ಜೆಕ್ಟ್ ಹೋಯ್ತು, ಬಂದ್ಮೇಲೆ ಜೂನಿಯರ್ಸ್ ಜೊತೆ ಕೂತು ಮತ್ತೆ ಮಾಡಿದ. ಅವನೇನೂ ಬೈಲಿಲ್ಲ. ಓರಿಯಂಟೇಷನ್‌ನಲ್ಲಿ ನಾನು ಜಾಕೆಟ್ ಬಗ್ಗೆ, ಪ್ರೆಷರ್ ಕುಕ್ಕರ್ ಬಗ್ಗೆ ಅರ್ಧ ಗಂಟೆ ಮಾತಾಡಿದ್ದೆ, ಇದನ್ನ ಹೇಳೇ ಇರ್ಲಿಲ್ಲ.

ಈಗ ನವೆಂಬರ್ ಬಂದ್ರೆ ಗ್ರೂಪಲ್ಲಿ ನನ್ದು ಒಂದೇ ಮೆಸೇಜ್, ರಿಜಿಸ್ಟರ್ ಆಗಿರೋ ಸ್ಕ್ರೀನ್‌ಶಾಟ್ ಹಾಕಿ ಅಂತ. ಹೋದ್ ಸಲ ರಾತ್ರಿ ಹನ್ನೊಂದೂವರೆಗೆ ಒಬ್ಳು ಹಾಕಿದ್ಳು: "ಸರ್ ಮೂರು ಆಯ್ತು, ನಾಲ್ಕನೇದ್ರಲ್ಲಿ ಎರಡು ಬಟನ್ ಇದೆ, ಎರಡೂ ಜರ್ಮನ್‌ನಲ್ಲಿದೆ, ಯಾವ್ದು ಒತ್ಲಿ?"