ಧನುರ್ಮಾಸದೊಳಗೆ ಬಗ್ಗಬೇಕು: ಫೇಸ್‌ಲಿಫ್ಟ್ ಆದಮೇಲಿನ ಆರು ವಾರ

ರಂಗೋಲಿ ಪುಸ್ತಕದ ಹಿಂದಿನ ಪುಟಗಳಲ್ಲಿ ಗೀಚಿಕೊಂಡಿದ್ದನ್ನು ಇಲ್ಲಿ ಇಳಿಸುತ್ತಿದ್ದೇನೆ. ನನಗೆ 59. ಊರು ಮೈಸೂರು. ದೀಪಾವಳಿ ಮುಗಿಸಿಕೊಂಡು ನವೆಂಬರ್ 3ಕ್ಕೆ ಮುಖ, ಕುತ್ತಿಗೆ ಎರಡನ್ನೂ ಬಿಗಿ ಮಾಡುವ ಫೇಸ್‌ಲಿಫ್ಟ್ ಆಪರೇಷನ್ ಮಾಡಿಸಿಕೊಂಡೆ. ಯಾಕೆ ಅನ್ನೋದು ನನ್ನ ವಿಷಯ, ಬಿಡಿ. ಗುರಿ ಮಾತ್ರ ಒಂದೇ ಇತ್ತು. ಡಿಸೆಂಬರ್ 16ಕ್ಕೆ ಧನುರ್ಮಾಸ ಶುರು. ಅವತ್ತು ಬೆಳಗಿನ ಜಾವ ಬಾಗಿಲ ಮುಂದೆ 15 ಚುಕ್ಕಿಯ ರಂಗೋಲಿ ಇಡಬೇಕು.

ಡಾಕ್ಟರಿಗೆ ಹೇಳಿದಾಗ ನಗಲಿಲ್ಲ. "ಹೇಗೆ ಬಗ್ತೀರಿ, ತೋರಿಸಿ" ಅಂದರು. ನಿಂತುಕೊಂಡೇ ಸೊಂಟದಿಂದ ಬಗ್ಗಿ ತೋರಿಸಿದೆ. "ಇದೇ ಬೇಡ" ಅಂದರು. ತಲೆ ಕೆಳಗಾದರೆ ಮುಖಕ್ಕೆ ರಕ್ತ ನುಗ್ಗುತ್ತದೆ, ಊತ ಏರುತ್ತದೆ, ಹೊಸ ಗಾಯ ರಕ್ತ ಬಿಟ್ಟುಕೊಳ್ಳಬಹುದು. ಆರು ವಾರ ಆಗಲಿ, ಆಮೇಲೆ ನೋಡೋಣ ಅಂದರು. ಲೆಕ್ಕ ಹಾಕಿದೆ. ಆರು ವಾರದ ಮೇಲೆ ಒಂದು ದಿನ. ಸರಿ ಹೋಯಿತು.

ನವೆಂಬರ್ 3, ರಾತ್ರಿ

ತಲೆಗೆ ದಪ್ಪ ಕಟ್ಟು. ಎರಡೂ ಕಿವಿಯ ಹಿಂದಿನಿಂದ ಸಣ್ಣ ಟ್ಯೂಬು, ಅದರ ತುದಿಗೆ ಕೆಂಪು ನೀರು ತುಂಬಿಕೊಳ್ಳುವ ಡಬ್ಬಿ. ನೋವು ಅಂದುಕೊಂಡಷ್ಟಿಲ್ಲ. ಬಿಗಿತವೇ ಜಾಸ್ತಿ. ನರ್ಸ್ ರಾತ್ರಿಯೆಲ್ಲಾ ಬಂದು ಬಿಪಿ ನೋಡಿದರು. ಮೊದಲ 24 ಗಂಟೆಯಲ್ಲಿ ಚರ್ಮದ ಅಡಿಯಲ್ಲಿ ರಕ್ತ ತುಂಬಿಕೊಳ್ಳುವುದೇ ಈ ಆಪರೇಷನ್ನಿನ ದೊಡ್ಡ ಭಯವಂತೆ. ಬಿಪಿ ಇರುವವರಿಗೆ ಅದು ಜಾಸ್ತಿ, ನನಗೆ ಬಿಪಿ ಇದೆ. ಒಂದೇ ಕೆನ್ನೆ ಇದ್ದಕ್ಕಿದ್ದಂತೆ ಉಬ್ಬಿ ನೋಯ್ದರೆ ತಕ್ಷಣ ಕೂಗಬೇಕು ಅಂತ ಹೇಳಿದ್ದರು. ನಾನು ಎರಡೂ ಕೆನ್ನೆಗಳನ್ನು ಕಾಯುತ್ತಾ ಮಲಗಿದ್ದೆ. ಕೂಗುವ ಹಾಗೆ ಏನೂ ಆಗಲಿಲ್ಲ.

ನವೆಂಬರ್ 4

ಟ್ಯೂಬು ತೆಗೆದರು. ಮನೆಗೆ ಬಂದೆ. ಬೆನ್ನಿನಿಂದಲೇ ಮೇಲಕ್ಕೆ ಎತ್ತಿಕೊಂಡು ಅಂಗಾತ ಮಲಗಬೇಕು, ಗದ್ದ ಎದೆಗೆ ತಾಗಬಾರದು. ಯಾರಾದರೂ ಕರೆದರೆ ಕುತ್ತಿಗೆ ತಿರುಗಿಸುವ ಹಾಗಿಲ್ಲ, ದಸರಾ ಗೊಂಬೆ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು. ಊಟಕ್ಕೆ ರವೆ ಗಂಜಿ, ಮೆತ್ತಗಿನ ಸಾರನ್ನ. ಹಬ್ಬದ ಚಕ್ಕುಲಿ ಇನ್ನೂ ಅರ್ಧ ಡಬ್ಬಿ ಉಳಿದಿತ್ತು. ಯಜಮಾನರು ನನ್ನೆದುರೇ ಕರಂಕುರುಂ ಅಂತ ತಿಂದರು.

ನವೆಂಬರ್ 6

ಕನ್ನಡಿ ನೋಡಿ ಅತ್ತೆ. ಕಣ್ಣು ಸೀಳಿಕೊಂಡ ಹಾಗೆ, ಎಡಗೆನ್ನೆ ಬಲಗೆನ್ನೆಗಿಂತ ದಪ್ಪ, ಕುತ್ತಿಗೆ ನೇರಳೆ ಹಣ್ಣಿನ ಬಣ್ಣ. ಮೂರನೇ ನಾಲ್ಕನೇ ದಿನ ಊತ ತುತ್ತತುದಿಗೆ ಹೋಗುತ್ತದೆ, ಮನಸ್ಸೂ ಕುಸಿಯುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಗೊತ್ತಿದ್ದರೂ ಅಳು ಬರುವುದು ಬಂದೇ ಬಂತು.

ಮಲಗಿದಲ್ಲೇ ಫೋನಿನಲ್ಲಿ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಫೇಸ್‌ಲಿಫ್ಟ್ ಅಂದರೆ ಚರ್ಮ ಎಳೆದು ಹೊಲಿಯುವುದು ಅಂದುಕೊಂಡಿದ್ದೆ. ಹಾಗಲ್ಲ. ಚರ್ಮ, ಕೊಬ್ಬಿನ ಕೆಳಗೆ ಇನ್ನೊಂದು ಪದರ ಇದೆ. 1976ರಲ್ಲಿ ಫ್ರಾನ್ಸಿನ ಮಿಟ್ಜ್, ಪೆರೋನಿ ಎಂಬ ಇಬ್ಬರು ಅದನ್ನು ವಿವರಿಸಿದರು. ಅದಕ್ಕೆ ಸ್ಮಾಸ್ ಅನ್ನುತ್ತಾರೆ. ಭಾರವನ್ನು ಆ ಪದರದ ಮೇಲೆ ಹಾಕಿ ಬಿಗಿ ಮಾಡಿ, ಚರ್ಮವನ್ನು ಅದರ ಮೇಲೆ ಸುಮ್ನೆ ಹೊದಿಸುತ್ತಾರೆ. ಸೀರೆ ಜಾರಬಾರದು ಅಂದರೆ ಲಂಗದ ಲಾಡಿ ಬಿಗಿಯಾಗಿ ಕಟ್ಟಬೇಕು ಅಲ್ವಾ, ಹಾಗೆ.

ಇನ್ನೊಂದು ಕತೆಯೂ ಸಿಕ್ಕಿತು. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಕವಾಸ್ಜಿ ಎಂಬ ಎತ್ತಿನ ಗಾಡಿಯವನ ಚಿತ್ರ ಬಂದಿತ್ತು. ಟಿಪ್ಪು ಜೊತೆಗಿನ 1792ರ ಯುದ್ಧದಲ್ಲಿ ಇಂಗ್ಲಿಷರ ಕಡೆ ಇದ್ದವನು, ಸೆರೆ ಸಿಕ್ಕಿ ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ ಒಬ್ಬ ವೈದ್ಯ ಹಣೆಯ ಚರ್ಮ ತೆಗೆದು ಅವನಿಗೆ ಹೊಸ ಮೂಗು ಮಾಡಿದ. ಯುರೋಪಿನವರು ಅದನ್ನು ಓದಿ ಈ ವಿದ್ಯೆ ಕಲಿಯಲು ಮುಂದಾದರು. ಅವನಿಗೆ ಇಂದಿನ ಹಾಗೆ ಮೈಮರೆಸುವ ಔಷಧಿ ಇರಲಿಲ್ಲ. ಅದನ್ನು ಓದಿದ ಮೇಲೆ ಅಳುವುದನ್ನು ನಿಲ್ಲಿಸಿದೆ.

ನವೆಂಬರ್ 9

ಕಿವಿಯ ಮುಂದಿನ ಹೊಲಿಗೆ ಬಿಚ್ಚಿದರು. ಕೂದಲಿನೊಳಗಿನದು, ಕಿವಿಯ ಹಿಂದಿನದು 14ಕ್ಕೆ. ನೇರಳೆ ಬಣ್ಣ ಕೆನ್ನೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಎದೆಗೆ ಇಳಿಯುತ್ತಿದೆ. ಇಳಿದ ಕಡೆ ಹಸಿರು, ಆಮೇಲೆ ಹಳದಿ. ರಂಗೋಲಿ ಬಣ್ಣದ ಡಬ್ಬಿ ಒಂದೊಂದೇ ಖಾಲಿ ಆಗುವ ಹಾಗೆ.

ಎದುರು ಮನೆ ಅಜ್ಜಿ ಬಾಗಿಲಿಗೇ ಬಂದರು. ನಾನು ಒಳಗೆ ಸೆರಗು ಹೊದ್ದು ಕೂತೆ. "ಹಲ್ಲು ಕೀಳಿಸಿದ್ದಾಳೆ" ಅಂತ ಯಜಮಾನರು ಹೇಳಿ ಕಳಿಸಿದರು. ಮರುದಿನ ಅಜ್ಜಿ ರಾಗಿ ಅಂಬಲಿ ಮಾಡಿ ಕಳಿಸಿದರು. ಸುಳ್ಳು ಹೇಳಿ ಕುಡಿದ ಅಂಬಲಿ, ಆದರೂ ಬಹಳ ರುಚಿಯಾಗಿತ್ತು.

ನವೆಂಬರ್ 15

ಹಿನ್ನಡೆ. ಎಡಗಿವಿಯ ಹಿಂದೆ ಕಡಲೆಬೀಜದಷ್ಟು ಜಾಗ ಕಪ್ಪಾಗಿ ಹೆಕ್ಕಳಿಕೆ ಕಟ್ಟಿದೆ. ಗಾಬರಿಯಾಗಿ ಫೋನ್ ಮಾಡಿದರೆ, ಆಸ್ಪತ್ರೆಯಲ್ಲಿ ಫೋನ್ ಎತ್ತಿದ ಹುಡುಗಿ "ನಾರ್ಮಲ್ ಮೇಡಂ" ಅಂದಳು. ಎಲ್ಲದಕ್ಕೂ ಇವರಿಗೆ ಅದೊಂದೇ ಉತ್ತರ. ಹೋಗಿ ಕೂತೆ. ಡಾಕ್ಟರ್ ನೋಡಿ ವಿವರಿಸಿದರು. ಎಳೆದು ಹೊದಿಸಿದ ಚರ್ಮದ ತುದಿ ಅದು, ರಕ್ತ ಅಲ್ಲಿಯವರೆಗೆ ಹೋಗುವುದೇ ಕಷ್ಟ, ಅದಕ್ಕೇ ಗಾಯ ಅಲ್ಲಿ ತಡವಾಗಿ ಮಾಯುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಚರ್ಮವೇ ಸತ್ತು ಹೋಗುವ ಅಪಾಯ ಇನ್ನೂ ಜಾಸ್ತಿಯಂತೆ. ಮುಲಾಮು ಹಚ್ಚಿ, ಕೀಳಬೇಡಿ, ತಾನೇ ಉದುರುತ್ತದೆ ಅಂದರು. ಇದನ್ನು ಮೊದಲೇ ಕೊಟ್ಟ ಕಾಗದದಲ್ಲಿ ಬರೆದಿದ್ದರೆ ನನ್ನ ಒಂದು ರಾತ್ರಿ ನಿದ್ದೆ ಉಳಿಯುತ್ತಿತ್ತು.

ನವೆಂಬರ್ 18ರಿಂದ 30

ಬರೆಯುವಂಥದ್ದು ಕಡಿಮೆ. ಸಂಜೆ ಬಿಸಿಲು ಇಳಿದ ಮೇಲೆ ನಡಿಗೆ, ಮೊದಲು ನಮ್ಮ ಬೀದಿ, ಆಮೇಲೆ ಪಾರ್ಕಿಗೆ ಎರಡು ಸುತ್ತು. ತರಕಾರಿ ತಂದೆ, ಚೀಲ ಯಜಮಾನರು ಹೊತ್ತರು. ಕುಂಕುಮ, ಪೌಡರ್ ಹಾಕಿಕೊಂಡು ಒಂದು ನಾಮಕರಣಕ್ಕೂ ಹೋಗಿ ಬಂದೆ. "ಸ್ವಲ್ಪ ದಪ್ಪ ಆಗಿದ್ದೀಯ" ಅಂದರು ಓರಗಿತ್ತಿ. ಆಗಲಿ.

ಡಿಸೆಂಬರ್ 4

ಹೆಕ್ಕಳಿಕೆ ಉದುರಿತು. ಅಡಿಯಲ್ಲಿ ಎಳೇ ಗುಲಾಬಿ ಚರ್ಮ.

ಕಿವಿಯ ಹಾಲೆ ಮಾತ್ರ ಇನ್ನೂ ನನ್ನದಲ್ಲ. ಮುಟ್ಟಿದರೆ ಬೇರೆ ಯಾರದೋ ಕಿವಿ ಮುಟ್ಟಿದ ಹಾಗೆ. ಕಿವಿಗೆ ಹೋಗುವ ಒಂದು ನರ ಇದೇ ದಾರಿಯಲ್ಲಿದೆ, ಜೋಮು ಬಿಡಲು ತಿಂಗಳುಗಳೇ ಬೇಕಾಗಬಹುದಂತೆ. ಆಗಾಗ ಕೆನ್ನೆಯಲ್ಲಿ ಇರುವೆ ಹರಿದ ಹಾಗಾಗುತ್ತದೆ, ಅದು ಒಳ್ಳೆಯ ಲಕ್ಷಣ. ಓಲೆ ಹಾಕಿಕೊಳ್ಳಲು ಇನ್ನೂ ಒಪ್ಪಿಗೆ ಇಲ್ಲ. ಹೇರ್ ಡ್ರೈಯರ್ ತಣ್ಣಗಿನ ಗಾಳಿಗೆ ಮಾತ್ರ. ಸುಟ್ಟರೂ ಗೊತ್ತಾಗುವುದಿಲ್ಲ ನೋಡಿ. ತಲೆಗೆ ಬಣ್ಣ ಹಚ್ಚದೆ ತಿಂಗಳಾಯಿತು, ಬೈತಲೆ ಪೂರ್ತಿ ಬಿಳಿ. ಮುಖ ಚಿಕ್ಕದಾಯಿತು, ಕೂದಲು ಮುದಿಯಾಯಿತು.

ಡಿಸೆಂಬರ್ 9

ಪರೀಕ್ಷೆ. 7ರಿಂದ 4, ಸಂದು ಚುಕ್ಕಿ, ಒಟ್ಟು 37. ದೇವರ ಮನೆ ಮುಂದೆ ಬಗ್ಗಿದೆ. ಹತ್ತು ಚುಕ್ಕಿ ಇಡುವಷ್ಟರಲ್ಲಿ ಕೆನ್ನೆಯೊಳಗೆ ಧಿಮ್ ಧಿಮ್ ಅಂತ ಬಡಿತ. ಎದ್ದು ಕೂತೆ. ಹಟ ಮಾಡುವುದರಲ್ಲಿ ಅರ್ಥವಿಲ್ಲ. ಮಣೆ ತಂದು ಅದರ ಮೇಲೆ ಕೂತು, ಬೆನ್ನು ನೇರ ಇಟ್ಟುಕೊಂಡು, ಕೈ ಮಾತ್ರ ಚಾಚಿ ಮತ್ತೆ ಶುರು ಮಾಡಿದೆ. ತಲೆ ಎದೆಗಿಂತ ಮೇಲೇ ಇತ್ತು. ಬಡಿತ ಇಲ್ಲ. ಎಳೆ ಮಾತ್ರ ನಡುಗಿತು. 40 ವರ್ಷ ನಿಂತು ಬಗ್ಗಿ ಎಳೆದ ಕೈಗೆ ಕೂತು ಎಳೆಯುವುದೇ ಬೇರೆ ವಿದ್ಯೆ. ವಾರವಿಡೀ ದಿನಕ್ಕೊಂದು ಅಭ್ಯಾಸ ಮಾಡಿದೆ.

ಡಿಸೆಂಬರ್ 16

ಐದೂವರೆಗೆ ಎದ್ದೆ. ಮಂಜು. ಕಿವಿಗೆ ಚಳಿ ಗೊತ್ತಾಗುವುದಿಲ್ಲ, ಅದಕ್ಕೇ ಮರೆಯದೆ ಉಣ್ಣೆ ಸ್ಕಾರ್ಫ್ ಸಡಿಲವಾಗಿ ಸುತ್ತಿಕೊಂಡೆ. ಅಂಗಳಕ್ಕೆ ನೀರು ಹಾಕಿ ಗುಡಿಸುವ ಕೆಲಸ ಯಜಮಾನರದ್ದು. 15ರಿಂದ 8, ಸಂದು ಚುಕ್ಕಿ. ಒಟ್ಟು 169. ಮಣೆಯನ್ನು ಎಡಕ್ಕೆ, ಬಲಕ್ಕೆ, ಆಚೆ ಬದಿಗೆ ಜರುಗಿಸಿಕೊಂಡು ಚುಕ್ಕಿ ಇಟ್ಟೆ. ಬೇರೆ ವರ್ಷ ಮುಕ್ಕಾಲು ಗಂಟೆಯ ಕೆಲಸ, ಈ ಸಲ ಒಂದೂವರೆ ಗಂಟೆ ಹಿಡಿಯಿತು. ನಡುವೆ ಒಮ್ಮೆ ಕೆನ್ನೆ ಬಿಗಿದುಕೊಂಡಿತು. ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು ಮತ್ತೆ ಹೋದೆ. ಒಳಗೆ ಹುಗ್ಗಿಯ ಕುಕ್ಕರ್ ಕೂಗುತ್ತಿತ್ತು. ಕೊನೆಯ ಎಳೆ ಕೂಡಿಸುವಾಗ ಪೂರ್ತಿ ಬೆಳಕು ಹರಿದಿತ್ತು.

ಎದುರು ಮನೆ ಅಜ್ಜಿ ಹೂ ಕೀಳುವುದು ಬಿಟ್ಟು ಬಂದು ನಿಂತರು. ನನ್ನ ಮುಖದ ಕಡೆ ನೋಡಲೇ ಇಲ್ಲ. ರಂಗೋಲಿಯನ್ನು ಒಂದು ಸುತ್ತು ಹಾಕಿ ನೋಡಿದರು.

"ಏನಮ್ಮಾ, ಈ ಸಲ ಎಳೆ ಸ್ವಲ್ಪ ವಾರೆ ಆಗಿದೆಯಲ್ಲ. ಹಲ್ಲುನೋವು ಇನ್ನೂ ಹೋಗಿಲ್ವಾ?"

"ಹೋಗ್ತಾ ಇದೆ ಅಜ್ಜಿ" ಅಂದೆ.